ರೋಮ ತೆಗೆಯುವ ಮುನ್ನ



ಮೈರೋಮದ ವಿಷಯ ಇಗರ್ಜಿಯ ಪತ್ರಿಕೆಯಲ್ಲೇಕೆ ಎನ್ನಬೇಡಿ. ಮದುವೆ ನಿಶ್ಚಯವಾದ ಹೆಣ್ಣುಮಕ್ಕಳಿಗೆ ‘ಲೇಸರ್ ಮಾಡಿಸು’ ಎಂಬ ಒತ್ತಾಯ ಬರುತ್ತಿದೆ; ಅಡಿಕೆ ಮಾರಿದ ಹಣ ಸಾಲದೆ ಸಾಲಕ್ಕೂ ಕೈಚಾಚುವವರಿದ್ದಾರೆ.

ಬ್ಲೇಡು ಚರ್ಮದ ಮೇಲಿರುವುದನ್ನಷ್ಟೇ ಕತ್ತರಿಸುತ್ತದೆ. ಕೆಲವೇ ದಿನಗಳಲ್ಲಿ ಮತ್ತೆ ಕಾಣಿಸುತ್ತದೆ. ಬೋಳಿಸಿದರೆ ರೋಮ ದಪ್ಪವಾಗುತ್ತದೆಂಬುದು ತಪ್ಪು ನಂಬಿಕೆ. ವ್ಯಾಕ್ಸ್ ಬುಡಸಮೇತ ಕೀಳುವುದರಿಂದ 3ರಿಂದ 6 ವಾರ ನಿಶ್ಚಿಂತೆ. ಲೇಸರ್ ರೋಮದ ಕಪ್ಪು ಬಣ್ಣವನ್ನು ಹಿಡಿದು ಬುಡವನ್ನು ಸುಡುತ್ತದೆ. ಹಲವು ಸಲ ಹೋಗಬೇಕು, ಆಮೇಲೂ ಸ್ವಲ್ಪ ಚಿಗುರುತ್ತದೆ. ಬಿಳಿ ರೋಮಕ್ಕೆ ನಾಟುವುದಿಲ್ಲ. ಬಿಸಿಲಲ್ಲಿ ದುಡಿದು ಕಪ್ಪಾದ ಚರ್ಮಕ್ಕೆ ತಕ್ಕ ಯಂತ್ರವೂ ಅನುಭವಿ ಚರ್ಮವೈದ್ಯರೂ ಇಲ್ಲದಿದ್ದರೆ ಸುಟ್ಟ ಕಲೆ ಉಳಿಯಬಹುದು. ವಿದ್ಯುತ್ ಸೂಜಿಯ ಎಲೆಕ್ಟ್ರಾಲಿಸಿಸ್ ಒಂದೊಂದೇ ಬುಡವನ್ನು ನಾಶಮಾಡುತ್ತದೆ. ಶಾಶ್ವತವೇ, ಆದರೆ ತಿಂಗಳುಗಟ್ಟಲೆಯ ಕೆಲಸ.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ತಾತ್ಕಾಲಿಕ ವಿಧಾನವೇ ಸಾಕು. ಬ್ಲೇಡು ಒಬ್ಬೊಬ್ಬರಿಗೂ ಬೇರೆ ಇರಲಿ. ಕಾಲು ಬೋಳಿಸುವಾಗ ಆದ ಗಾಯ ಮಾಯುವ ತನಕ ಗದ್ದೆಯ ಕೆಸರಿಗೆ ಇಳಿಯಬೇಡಿ. ಇಲಿಜ್ವರದ ರೋಗಾಣು ಗಾಯದ ಮೂಲಕ ಒಳಹೊಗುತ್ತದೆ.

ಗದ್ದದಲ್ಲಿ ದಪ್ಪ ರೋಮ ಹುಟ್ಟಿ, ಮುಟ್ಟೂ ತಪ್ಪುತ್ತಿದ್ದರೆ ಅದು ಹಾರ್ಮೋನಿನ ತೊಂದರೆಯಾಗಿರಬಹುದು. ಮೊದಲು ವೈದ್ಯರಲ್ಲಿಗೆ ಹೋಗಿ. ಮೂಲ ತೊಂದರೆಗೆ ಮದ್ದು ಮಾಡದೆ ಲೇಸರ್ ಮಾಡಿಸಿದರೆ ಹೊಸ ರೋಮ ಹುಟ್ಟುತ್ತಲೇ ಇರುತ್ತದೆ, ಹಣ ನೀರುಪಾಲು. ಅಂಥ ಹುಡುಗಿಗೆ ಶಾಶ್ವತ ಚಿಕಿತ್ಸೆ ಬೇಕೆನಿಸಿದರೆ ಅದು ಶೋಕಿಯಲ್ಲ. ಆದರೆ ತೀರ್ಮಾನ ಅವಳದ್ದಾಗಿರಲಿ, ಗಂಡಿನ ಕಡೆಯವರದ್ದಲ್ಲ. ದೇವರು ಕೊಟ್ಟ ಮೈಯನ್ನು ನೋಡಿ ನಗುವವರಿಗೇ ಪಾಪನಿವೇದನೆ ಬೇಕು.