ನೂರು ವರ್ಷಗಳಾಚೆಯ ಬೆಂಗಳೂರು: ಕಂಬಂ ಕಣಿವೆಯಿಂದ ಒಂದು ತಕರಾರು

ನಮ್ಮ ಸಂಘದ ಕಳೆದ ಕೂಟದಲ್ಲಿ ಮಿತ್ರರೊಬ್ಬರು ನೂರು ವರ್ಷಗಳಾಚೆಯ ಬೆಂಗಳೂರನ್ನು ವರ್ಣಿಸಿದರು. ಮುಗಿಲು ಮುಟ್ಟುವ ಸೌಧಗಳು, ಆಕಾಶದಲ್ಲಿ ಹಾರುವ ಮೋಟಾರುಗಳು, ನೆಲದಡಿಯ ರಾಜಬೀದಿಗಳು! ಸಭೆ ಕರತಾಡನ ಮಾಡಿತು, ನಾವು ಮಾಡಲಿಲ್ಲ. ಅಂದು ಹೊತ್ತು ಮೀರಿ ಹೇಳಲಾಗದ ಮಾತನ್ನು ಇಲ್ಲಿ ಹೇಳಲು ವಾಚಕರ ಅಪ್ಪಣೆ ಬೇಡುತ್ತೇವೆ.

ನಗರವೊಂದರ ಭವಿಷ್ಯವನ್ನು ಅದರ ಎತ್ತರದಿಂದ ಅಳೆಯಲಾಗದು. ಅದು ಯಾವ ನೀರನ್ನು ಕುಡಿಯುವುದು, ಯಾವ ಮಾತನ್ನು ಆಡುವುದು ಎಂಬೆರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು. ಈ ಎರಡರಲ್ಲಿಯೂ ಕಂಬಂ ಕಣಿವೆಯವರಾದ ನಮಗೆ ಅನುಭವವುಂಟು.

ಮೊದಲು ನೀರು. 1876-78ರ ಘೋರ ಕ್ಷಾಮವನ್ನು ಕಂಡ ಸೀಮೆ ನಮ್ಮದು. 1886ರಲ್ಲಿ ತಿರುವಾಂಕೂರಿಗೂ ಮದರಾಸು ಸರಕಾರಕ್ಕೂ 999 ವರ್ಷಗಳ ಗುತ್ತಿಗೆಯಾಯಿತು. 1895ರಲ್ಲಿ ಪೆನ್ನಿಕ್ವಿಕ್ ಎಂಬ ಇಂಜಿನಿಯರರು ಕಟ್ಟಿಸಿದ ಅಣೆಕಟ್ಟಿನಿಂದ, ಪಡುವಲಿಗೆ ಹರಿಯುತ್ತಿದ್ದ ಪೆರಿಯಾರ್ ನದಿಯ ನೀರು ಬೆಟ್ಟದ ಸುರಂಗದಲ್ಲಿ ಹಾದು ಮೂಡಲಿಗೆ ಇಳಿಯಿತು. ಇಂದಿಗೂ ಪೊಂಗಲ್ ಹಬ್ಬದಲ್ಲಿ ನಮ್ಮವರು ಆ ಪರದೇಶಿಯನ್ನು ನೆನೆಯುತ್ತಾರೆ. ಆದರೆ ಸಾವಿರ ವರ್ಷಕ್ಕೆ ಬರೆದ ಕಾಗದವೂ ನೂರು ವರ್ಷ ತುಂಬುವಷ್ಟರಲ್ಲಿ ವ್ಯಾಜ್ಯಕ್ಕೆ ಸಿಕ್ಕಿತು. 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿಯ ಮಟ್ಟವನ್ನು ಎತ್ತಿಹಿಡಿಯಬೇಕಾಯಿತು. ವೈಗೆಯೊಂದೇ ಸಾಲದಾದ ಮಧುರೆಯ ಬಾಯಾರಿಕೆಗಾಗಿ ಲೋಯರ್ ಕ್ಯಾಂಪಿನಿಂದ ಕೊಳವೆಯ ಯೋಜನೆಯೂ ಬಂದಿತು. ಕಣಿವೆಯ ರೈತರು ತಕರಾರು ಎತ್ತಿದರು. ದೊಡ್ಡ ಊರಿನ ದಾಹ ಸಣ್ಣ ಊರಿನ ಗದ್ದೆಯ ಬದುವಿಗೆ ಬಂದು ನಿಲ್ಲುವುದೆಂದರೆ ಇದೇ.

ಬೆಂಗಳೂರಿನ ಕಥೆ ಬೇರೆಯಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, ಅದೂ ಸಾಲದೆ 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರು ದೂರದಿಂದ, ನೂರಾರು ಮೀಟರು ಎತ್ತರಕ್ಕೆ ನೀರನ್ನು ಎತ್ತಿ ತರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದವು. ಅದೇ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಆರಂಭವಾಯಿತು. ಹತ್ತನೆಯ ಹಂತಕ್ಕೆ ಯಾವ ನದಿ? ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ಕೊರೆಯುವ ಯೋಜನೆಯಿದೆ. ನಮ್ಮ ಸುರಂಗದಲ್ಲಿ ನೀರು ಬಂದಿತು; ಅಲ್ಲಿ ಬರುವುದು ಮೋಟಾರು.

ಇನ್ನು ಮಾತು. ಇಲ್ಲಿ ಕಾಪ್ಪಿಲಿಯರ್ ಎಂದು ಕರೆಯಲ್ಪಡುವ ಒಕ್ಕಲಿಗರು ನಾವು. ಶತಮಾನಗಳ ಹಿಂದೆ ಕನ್ನಡನಾಡಿನಿಂದ ಬಂದವರೆಂದು ಹಿರಿಯರ ಮಾತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ತಾಯಿ ನಮಗೆ ಕನ್ನಡದಲ್ಲಿ ಜೋಗುಳ ಹಾಡಿದರು. ಊರು ಬಿಟ್ಟ ಮೇಲೆ ಆಕೆಗೆ ನಾವು ಕಾಗದ ಬರೆದುದು ತಮಿಳಿನಲ್ಲಿ. ಕನ್ನಡದ ಅಕ್ಷರ ತಿದ್ದಿದ್ದು ಮೀಸೆ ಬಂದ ಮೇಲೆ. ತಮಿಳಿನ ಮೇಲೆ ನಮಗೆ ಮುನಿಸಿಲ್ಲ. ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಭಾಷೆ ಅದು.

ಆದರೆ 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ರಾಜಧಾನಿಯೇ ಒಂದು ದೊಡ್ಡ ಕಂಬಂ ಆಗುವ ಹಾದಿ ಹಿಡಿದಿದೆ. "ಶಾಲೆಯಿಲ್ಲದೆ ಇಷ್ಟು ಕಾಲ ನಿಮ್ಮ ಕನ್ನಡ ಉಳಿಯಲಿಲ್ಲವೇ?" ಎಂದು ಕೇಳುವವರುಂಟು. ಉಳಿಯಿತು, ಒಂದೇ ಹೊಲ, ಒಂದೇ ಕೇರಿ, ಒಳಗೊಳಗೇ ಕೊಟ್ಟು ತಂದ ಹೆಣ್ಣುಗಳು ಇದ್ದುದರಿಂದ ಉಳಿಯಿತು. ಉಳಿದುದಾದರೂ ಅಡಿಗೆಮನೆಯ ಮಾತಾಗಿ. ತಿರುಪ್ಪೂರಿನ ಗಿರಣಿಗೆ ಹೋದ ನಮ್ಮ ಹುಡುಗರ ಮಕ್ಕಳಲ್ಲಿ ಅದೂ ಸವೆಯುತ್ತಿದೆ.

ಹಾಗಾದರೆ ಮಾಡಬೇಕಾದುದೇನು? ಪರಭಾಷಿಕರನ್ನು ಬೈಯುವುದಲ್ಲ. ತಮಿಳು ಶಾಲೆ ನಮ್ಮನ್ನು ಹೊರಗಿನವರೆಂದು ದೂರವಿಡದೆ, ಕೈ ಹಿಡಿದು ತಿದ್ದಿಸಿ ತಮಿಳು ಕಲಿಸಿತು. ಬೆಂಗಳೂರಿಗೆ ಬಂದ ತಮಿಳರ, ತೆಲುಗರ, ಹಿಂದಿಯವರ ಮಕ್ಕಳಿಗೆ ಕನ್ನಡ ಶಾಲೆ ಅದನ್ನೇ ಮಾಡಲಿ. ಕನ್ನಡ ಕಲಿಕೆಯ ಕಾಯಿದೆ 2015ರಲ್ಲಿಯೇ ಬಂದಿದೆ. ಕಾಯಿದೆ ಪಾಠ ಹೇಳಲಾರದು, ಉಪಾಧ್ಯಾಯನು ಹೇಳಬೇಕು. ಉಳಿದ ಕೆರೆಗಳ ಏರಿ ಭದ್ರವಾಗಲಿ, ಮಳೆನೀರು ಅಲ್ಲಿಯೇ ನಿಲ್ಲಲಿ.

ಮಿತ್ರರು ಮುನಿಯಬಾರದು. ಅವರ ನಗರದಲ್ಲಿ ಒಂದು ತುಂಬಿದ ಕೆರೆಯನ್ನೂ ಒಂದು ಕನ್ನಡ ಪ್ರಾಥಮಿಕ ಶಾಲೆಯನ್ನೂ ಸೇರಿಸಿ ಮುಂದಿನ ಕೂಟದಲ್ಲಿ ಮತ್ತೆ ವರ್ಣಿಸಲಿ. ಆಗ ನಾವೂ ಕೈ ತಟ್ಟುತ್ತೇವೆ.