ಅಗ್ಗ ಅಂದರೆ ಯಾರಿಗೆ?

ಆಂಡೀಸ್ ಪರ್ವತಗಳಲ್ಲಿ ಸ್ಕೀಯಿಂಗ್ ಅಗ್ಗ ಎಂದು ಪ್ರವಾಸ ಬರಹಗಳು ಹೊಗಳುತ್ತಲೇ ಇರುತ್ತವೆ. ಯೂರೋಪಿನಲ್ಲಿ ಬೇಸಿಗೆ ಇರುವಾಗ ಅರ್ಜೆಂಟೀನಾದ ಬರಿಲೋಚೆಯಲ್ಲಿ ಹಿಮ ಬೀಳುತ್ತದೆ, ಕಡಿಮೆ ಖರ್ಚಿನಲ್ಲಿ ಜಾರಿ ಬರಬಹುದು ಎನ್ನುತ್ತವೆ. ಆದರೆ 'ಅಗ್ಗ' ಎಂಬ ಪದ ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಚತುರ್ಥಿ ವಿಭಕ್ತಿ ಬೇಕು: ಯಾರಿಗೆ?

2023ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಡಾಲರಿನ ಅಧಿಕೃತ ದರವನ್ನು ಸುಮಾರು 366 ಪೆಸೊದಿಂದ ಒಂದೇ ಏಟಿಗೆ 800ಕ್ಕೆ ಏರಿಸಿತು. ಆ ವರ್ಷದ ಹಣದುಬ್ಬರ ಶೇ. 211. ಡಾಲರ್ ಹಿಡಿದು ಬಂದವರಿಗೆ ಪೆಸೊ ಕುಸಿದದ್ದು ರಿಯಾಯಿತಿ. ಪೆಸೊದಲ್ಲೇ ಸಂಬಳ ಎಣಿಸುವ ಲಿಫ್ಟ್ ಕೆಲಸಗಾರನಿಗೆ, ಹೋಟೆಲಿನಲ್ಲಿ ಹಾಸಿಗೆ ಹಾಸುವವಳಿಗೆ ಅದೇ ಸಂಬಳ ಕಡಿತ. ಮುಂದೆ ಡಾಲರ್ ಲೆಕ್ಕದಲ್ಲಿ ಅರ್ಜೆಂಟೀನಾ ದುಬಾರಿಯೂ ಆಯಿತು. ಬೆಟ್ಟ ಮಾತ್ರ ಅದೇ. ಅಗ್ಗವಾಗಿದ್ದದ್ದು ಬೆಟ್ಟವಲ್ಲ, ಅಲ್ಲಿ ದುಡಿಯುವವರ ಕೂಲಿ.

ಪ್ರವಾಸಿಗರು ಬಂದರೆ ಊರಿಗೆ ಕೆಲಸ ಸಿಗುತ್ತದಲ್ಲ ಎಂಬ ವಾದ ಸುಳ್ಳಲ್ಲ. ಹಾಗೆಂದು ಕೂಲಿ ಕುಸಿದದ್ದನ್ನೇ ಊರಿನ ಆಕರ್ಷಣೆ ಎಂದು ಮಾರಬಹುದೇ? ಇಂಥ ಬರಹಗಳು ಒಂದು ಸಾಲು ಸೇರಿಸಲಿ: ಒಂದು ದಿನದ ಲಿಫ್ಟ್ ಟಿಕೆಟ್ಟಿಗೆ ಅಲ್ಲಿನ ಕೆಲಸಗಾರ ಎಷ್ಟು ದಿನ ದುಡಿಯಬೇಕು? ಅದನ್ನು ಬರೆದ ಮೇಲೂ ಅಗ್ಗ ಎನ್ನಲು ಬಾಯಿ ಬಂದರೆ ಎನ್ನಲಿ.