ಕುಟ್ಟುವ ಪದವೂ ಸಂಗೀತವೆ

ಶಾಸ್ತ್ರೀಯ ಸಂಗೀತ ಪಂಡಿತರದು, ಸಿನಿಮಾ ಸಂಗೀತ ನಮ್ಮದು ಎಂದು ವಿದ್ಯಾರ್ಥಿ ಮಿತ್ರರು ವಾದಿಸುವುದುಂಟು. ಈ ವಾದದಲ್ಲಿ ಮೂರನೆಯದೊಂದು ಮರೆತುಹೋಗಿದೆ. ನಮ್ಮ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಧಾನ್ಯ ಕುಟ್ಟುವಾಗ ತ್ರಿಪದಿ, ಕಥೆ ಹೇಳಲು ಷಟ್ಪದಿ, ಮದುವೆಗೆ ಧವಳ ಎಂದು ಅದರಲ್ಲಿದೆ. ಒನಕೆ ಹಿಡಿದವಳ ಹಾಡಿಗೂ ಅರಸನ ಗ್ರಂಥದಲ್ಲಿ ಸ್ಥಾನವಿತ್ತು! ಅವನ ಮಗ ಇಮ್ಮಡಿ ಜಗದೇಕಮಲ್ಲನಂತೂ ‘ಸಂಗೀತ ಚೂಡಾಮಣಿ’ಯನ್ನೇ ಬರೆದನು.

ಹೊಸದನ್ನು ನಾನು ಹಳಿಯುವವನಲ್ಲ. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದ ಕಟ್ಟಿದರು; ಅದರಿಂದ ಯಾವ ಭಾಷೆಯೂ ಬಡವಾಗಲಿಲ್ಲ. ನಮ್ಮ ಭಜನೆಯ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದುದೇ. ಹಾಡಿಗೆ ಕೇಡಾದುದು ಹೊಸ ವಾದ್ಯದಿಂದಲ್ಲ, ಒನಕೆ ಬೀಸುಕಲ್ಲುಗಳು ಮೂಲೆ ಸೇರಿದುದರಿಂದ. ಗಿರಣಿ ಬಂದು ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ದೊರೆತುದು ಒಳ್ಳೆಯದೇ (ಬೀಸಿ ನೋಡದ ಗಂಡಸರು ಅದಕ್ಕೆ ಮರುಗಬೇಕಾಗಿಲ್ಲ). ಆದರೆ ಕೆಲಸದೊಡನೆ ಪದವೂ ಹೋಗುತ್ತಿದೆ.

ಅಜ್ಜಿಯರ ಬಾಯಲ್ಲಿ ಅವು ಇನ್ನೂ ಉಳಿದಿವೆ. ಗಾಯನ ಸ್ಪರ್ಧೆಗೆ ಬಹುಮಾನವಿಡುವ ನಮ್ಮ ವಿದ್ಯಾರ್ಥಿ ಸಂಘವು ಅಂಥ ಪದಗಳನ್ನು ಸಂಗ್ರಹಿಸಿ ತಂದವರಿಗೂ ಒಂದು ಬಹುಮಾನವಿಡಬಾರದೆ? ಧ್ವನಿಮುದ್ರಣಕ್ಕೆ ಜೇಬಿನಲ್ಲಿ ಫೋನಿದೆ. ಬೇಸಿಗೆ ರಜೆಯೂ ಹತ್ತಿರವಿದೆ.